ಹಳೇ ಕೀಟದ ಪೆಟ್ಟಿಗೆ, ಒಣಗಿದ ಎಲೆಯ ಹಾಳೆ: ಕಂಪ್ಯೂಟರಿಗೆ ಬಂದರೆ ರೈತನಿಗೇನು ಲಾಭ?



2018ರ ಮುಂಗಾರು ನೆನಪು ಮಾಡಿಕೊಳ್ರಿ. ಗೋವಿನಜೋಳದ ಸುಳಿಯೊಳಗೆ ಕಟ್ಟಿಗೆ ಹೊಟ್ಟಿನಂಥ ಹಿಕ್ಕೆ, ತೂತು ಬಿದ್ದ ಎಲೆ. ನಾನೂ ನನ್ನ ಅಕ್ಕಪಕ್ಕದ ಹೊಲದವರೂ ಅದನ್ನ ಕಾಂಡ ಕೊರೆಯುವ ಹುಳು ಅಂತಲೇ ತಿಳಿದಿದ್ವಿ. ಗೊತ್ತಾಗೋದರೊಳಗೆ ಒಂದು ವಾರ ಕಳೀತು. ಮರಿ ಇದ್ದಾಗ ಬೇವಿನ ಕಷಾಯಕ್ಕೆ ಬಗ್ಗುವ ಹುಳು, ಬಲಿತು ಸುಳಿ ಸೇರಿದ ಮೇಲೆ ಬಗ್ಗಲಿಲ್ಲ.

ಅದು ಅಮೆರಿಕ ಮೂಲದ ಫಾಲ್ ಸೈನಿಕ ಹುಳು, ನಮ್ಮ ಮಂದಿ ಲದ್ದಿ ಹುಳು ಅನ್ನೋದು. 2016ರಲ್ಲಿ ಆಫ್ರಿಕದಲ್ಲಿ ಕಂಡಿತ್ತು. ಭಾರತದಲ್ಲಿ ಮೊದಲು ವರದಿಯಾಗಿದ್ದು 2018ರಲ್ಲಿ, ಹಿರೇಕೆರೂರಿನ ಪಕ್ಕದ ಶಿವಮೊಗ್ಗ ಜಿಲ್ಲೆಯಿಂದಲೇ. ತಲೆ ಮೇಲೆ ತಿರುಗಿಸಿಟ್ಟ ಇಂಗ್ಲಿಷ್ ವೈ ಅಕ್ಷರ, ಹಿಂಭಾಗದಲ್ಲಿ ಚೌಕಾಕಾರದ ನಾಲ್ಕು ಚುಕ್ಕೆ ಇದರ ಗುರುತು.

ಇದು ಹೊಸ ಹುಳು ಅಂತ ವಿಜ್ಞಾನಿಗಳು ಹೇಳೋದು ಹೆಂಗೆ? ಹೋಲಿಸಿ ನೋಡಿ. ಹೋಲಿಸಬೇಕಾದರೆ ಹಿಂದೆ ಯಾರೋ ಹಿಡಿದು, ಹೆಸರು, ಊರು, ತಾರೀಖು ಬರೆದಿಟ್ಟ ಮಾದರಿ ಬೇಕು. ಅಂಥ ಕೀಟಗಳ ದೊಡ್ಡ ಸಂಗ್ರಹ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಲ್ಲಿದೆ. ಗಿಡಗಳನ್ನು ಒಣಗಿಸಿ ಹಾಳೆಗೆ ಅಂಟಿಸಿದ ಸಂಗ್ರಹಕ್ಕೆ ಹರ್ಬೇರಿಯಂ ಅಂತಾರೆ. ಫಾದರ್ ಸೆಸಿಲ್ ಸಲ್ಡಾನಾ ಮತ್ತು ಅವರ ಜೊತೆಗಾರರು ಕೂಡಿಸಿದ ಗಿಡಗಳು ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂನಲ್ಲಿವೆ.

ಡಿಜಿಟಲೀಕರಣ ಅಂದರೆ ಏನು?

ಪ್ರತಿ ಮಾದರಿಗೂ ಒಂದು ಸಂಖ್ಯೆ ಕೊಟ್ಟು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೀತಾರೆ. ಚೀಟಿಯಲ್ಲಿದ್ದ ಹೆಸರು, ಊರು, ತಾರೀಖು, ಹಿಡಿದವರ ಹೆಸರು ಎಲ್ಲಾ ಟೈಪ್ ಮಾಡ್ತಾರೆ. ಊರನ್ನು ನಕ್ಷೆಯಲ್ಲಿ ಗುರುತಿಸ್ತಾರೆ. ಆಮೇಲೆ ಅಂತರ್ಜಾಲಕ್ಕೆ ಹಾಕ್ತಾರೆ. ಭಾರತೀಯ ಸಸ್ಯ ಸಮೀಕ್ಷಾ ಇಲಾಖೆ 2022ರಲ್ಲಿ ಇಂಡಿಯನ್ ವರ್ಚುವಲ್ ಹರ್ಬೇರಿಯಂ ತೆರೆಯಿತು. ಜಗತ್ತಿನ ಸಂಗ್ರಹಗಳ ದಾಖಲೆಗಳನ್ನು ಜಿಬಿಐಎಫ್ ಎಂಬ ತಾಣದಲ್ಲಿ ಪುಕ್ಕಟೆ ನೋಡಬಹುದು.

ಇದರಿಂದ ಮೂರು ಲಾಭ. ಒಂದು, ಹೊಸ ಕೀಟ ಅಥವಾ ಕಳೆ ಬಂದಾಗ ಬೇಗ ಗುರುತು ಸಿಗುತ್ತದೆ. ಎರಡು, ಹಾಳೆ ಮೇಲಿನ ತಾರೀಖಿನಿಂದ ಆ ಕಾಲದಲ್ಲಿ ಗಿಡ ಯಾವಾಗ ಹೂ ಬಿಟ್ಟಿತ್ತು ಅಂತ ತಿಳೀತದೆ. ಹಾನಗಲ್ಲದ ಮಾವಿನ ಬೆಳೆಗಾರರಿಗೆ ಹೂ ಬಿಡೋ ಕಾಲ ಎಷ್ಟು ಮುಖ್ಯ ಅಂತ ನಾನು ಹೇಳಬೇಕಿಲ್ಲ. ಮೂರು, ಮೂಲ ಮಾದರಿ ಹಾಳಾದರೂ ಮಾಹಿತಿ ಉಳೀತದೆ. 2016ರಲ್ಲಿ ದೆಹಲಿಯ ರಾಷ್ಟ್ರೀಯ ಪ್ರಾಕೃತಿಕ ಇತಿಹಾಸ ವಸ್ತುಸಂಗ್ರಹಾಲಯ ಬೆಂಕಿಗೆ ಆಹುತಿಯಾಯಿತು. ಸುಟ್ಟ ಮಾದರಿ ಮತ್ತೆ ಬರೋದಿಲ್ಲ.

ನಮ್ಮೂರ ದಾಖಲೆ ಹುಡುಕೋದು ಹೆಂಗೆ?

"ಹಾವೇರಿ ಜಿಲ್ಲೆ" ಅಂತಷ್ಟೇ ಹುಡುಕಿದರೆ ಹಳೇದು ಸಿಗೋದು ಕಷ್ಟ. ಜಿಲ್ಲೆ ಆಗಿದ್ದು 1997ರಲ್ಲಿ. ಬ್ರಿಟಿಷರ ಕಾಲದಲ್ಲಿ ಹಾನಗಲ್ಲ ಧಾರವಾಡ ಜಿಲ್ಲೆಯ ತಾಲ್ಲೂಕು, ಹಿರೇಕೆರೂರು ಕೋಡ ತಾಲ್ಲೂಕಿನಲ್ಲಿ, ಶಿಗ್ಗಾಂವಿ ಬಂಕಾಪುರ ತಾಲ್ಲೂಕಿನಲ್ಲಿ ಇದ್ದವು. ಸವಣೂರು ನವಾಬರ ಸಂಸ್ಥಾನ. ಆದ್ದರಿಂದ ಈ ಹಳೇ ಹೆಸರುಗಳನ್ನೂ ಇಂಗ್ಲಿಷಿನಲ್ಲಿ ಹಾಕಿ ನೋಡ್ರಿ.

ವೈಜ್ಞಾನಿಕ ಹೆಸರೂ ಬೇಕು. ಸವಣೂರಿನ ಮಠದ "ದೊಡ್ಡ ಹುಣಸೆ" ನಿಜಕ್ಕೂ ಹುಣಸೆಯಲ್ಲ, ಆಫ್ರಿಕ ಮೂಲದ ಬಾವೊಬಾಬ್, ಅಡನ್ಸೋನಿಯಾ ಡಿಜಿಟೇಟಾ. ಹುಣಸೆ ಅಂತ ಹುಡುಕಿದರೆ ಬೇರೆ ಮರವೇ ಬರುತ್ತದೆ.

ಚೀಟಿ ಸರಿ ಇಲ್ಲದಿದ್ದರೆ ಕಂಪ್ಯೂಟರೂ ಏನೂ ಮಾಡಲಾರದು. 19ನೇ ಶತಮಾನದಲ್ಲಿ ಸ್ಟಾಕ್ಸ್, ಲಾ ಮುಂತಾದವರು ನಮ್ಮ ಸೀಮೆಯಲ್ಲಿ ಕೂಡಿಸಿದ ಎಷ್ಟೋ ಹಾಳೆಗಳ ಮೇಲೆ "ಮಲಬಾರ್, ಕೊಂಕಣ ಇತ್ಯಾದಿ" ಅಂತಷ್ಟೇ ಇದೆ. ಆ ಗಿಡ ಘಟ್ಟದ ಕೆಳಗಿನದೋ ಮೇಲಿನದೋ ಹೇಳಲಾಗದು.

ನೀವು ಮಾಡಬಹುದಾದದ್ದು

• ಪರಿಚಯವಿಲ್ಲದ ಹುಳು ಕಂಡರೆ ಮೂರು ಫೋಟೊ: ತಲೆ, ಬೆನ್ನು, ಹಾನಿಯಾದ ಎಲೆ. ಪಕ್ಕಕ್ಕೊಂದು ನಾಣ್ಯ ಇಡ್ರಿ, ಅಳತೆ ತಿಳೀತದೆ.
• ಫೋಟೊ ಜೊತೆ ತಾರೀಖು, ಊರು, ತಾಲ್ಲೂಕು, ಬೆಳೆ, ಬಿತ್ತಿದ ದಿನ ಬರೆದಿಡ್ರಿ. ಮೊಬೈಲಿನ ಲೊಕೇಶನ್ ಆನ್ ಇರಲಿ.
• ಗಿಡವಾದರೆ ಹೂ ಅಥವಾ ಕಾಯಿ ಇರುವ ಟೊಂಗೆ ತಗೊಂಡು ಪೇಪರ್ ನಡುವೆ ಭಾರ ಹೇರಿ ಒಣಗಿಸ್ರಿ. ದಿನಾ ಪೇಪರ್ ಬದಲಿಸ್ರಿ, ಇಲ್ಲಾಂದ್ರೆ ಬೂಸ್ಟು ಹಿಡೀತದೆ.
• ಗುರುತು ಖಾತ್ರಿ ಆಗೋ ತನಕ ಸಿಂಪಡಣೆ ಬೇಡ. ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಮಾದರಿ ತೋರಿಸ್ರಿ.
• ನಿಮ್ಮ ಪಂಚಾಯ್ತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯಲ್ಲಿ ಜನತಾ ಜೀವವೈವಿಧ್ಯ ದಾಖಲಾತಿ ಪುಸ್ತಕ ಇರಬೇಕು. ಕೇಳಿ ನೋಡ್ರಿ; ನಿಮ್ಮ ಹಳೇ ತಳಿಗಳ ಹೆಸರು ಇಲ್ಲದಿದ್ದರೆ ಸೇರಿಸಲು ಹೇಳ್ರಿ.

ಆ ವರ್ಷ ನಾನು ಒಂದು ಫೋಟೊನೂ ತೆಗೆದಿರಲಿಲ್ಲ. ನನ್ನ ಹೊಲಕ್ಕೆ ಲದ್ದಿ ಹುಳು ಯಾವ ದಿನ ಬಂತು ಅಂತ ಕೇಳಿದರೆ ಈಗ ಹೇಳೋಕೆ ಬರೋದಿಲ್ಲ. ಈಗ ಬಿತ್ತನೆ ಲೆಕ್ಕದ ಪುಸ್ತಕದಲ್ಲೇ ಹುಳುಗಳಿಗೂ ಒಂದು ಪುಟ ಇಟ್ಟೀನಿ. ನೀವೂ ಈ ಹಂಗಾಮಿನಿಂದ ಶುರು ಮಾಡ್ರಿ.