ಕುಲುಮೆಗಳ ನಡುವಿನ ಉದ್ಯಾನ

ಜರ್ಮನಿಯ ಡ್ಯೂಸ್‌ಬರ್ಗ್ ನಗರದ ಮೈಡೆರಿಕ್ ಕಬ್ಬಿಣದ ಕಾರ್ಖಾನೆಯಲ್ಲಿ ಕರಗಿದ ಕಬ್ಬಿಣ ಕೊನೆಯ ಸಲ ಹರಿದದ್ದು 1985ರ ಏಪ್ರಿಲ್ 4ರಂದು. 1903ರಲ್ಲಿ ಮೊದಲ ಊದುಕುಲುಮೆ ಹೊತ್ತಿಕೊಂಡಂದಿನಿಂದ ಅಲ್ಲಿ ತಯಾರಾದ ಬೀಡು ಕಬ್ಬಿಣ 3.7 ಕೋಟಿ ಟನ್. ಯುರೋಪಿನಲ್ಲಿ ಉಕ್ಕು ಬೇಡಿಕೆಗಿಂತ ಹೆಚ್ಚಾಗಿ ಉತ್ಪಾದನೆಗೆ ಮಿತಿ ಹೇರಿದ್ದ ಕಾಲವದು. ಬಾಗಿಲು ಮುಚ್ಚಿದ ಕಾರ್ಖಾನೆಗೆ ಸಾಮಾನ್ಯವಾಗಿ ಮೊದಲು ಗ್ಯಾಸ್ ಕಟರ್ ಬರುತ್ತದೆ, ಹಿಂದೆಯೇ ಗುಜರಿ ಲಾರಿ. ಇಲ್ಲಿ ಊರವರೇ ಒಟ್ಟಾಗಿ ಕೆಡಹುವುದನ್ನು ವಿರೋಧಿಸಿದರು. ರಾಜ್ಯ ಸರ್ಕಾರ ಜಾಗವನ್ನು ವಶಕ್ಕೆ ತೆಗೆದುಕೊಂಡಿತು. ಎಂಶರ್ ನದಿ ಕಣಿವೆಯನ್ನು ಸುಧಾರಿಸಲು 1989ರಲ್ಲಿ ಶುರುವಾದ ಹತ್ತು ವರ್ಷಗಳ ದೊಡ್ಡ ಯೋಜನೆಯಲ್ಲಿ ಈ ಜಾಗವೂ ಸೇರಿತು.

ಈ ಜಾಗವನ್ನು ಉದ್ಯಾನವಾಗಿಸುವ ವಿನ್ಯಾಸ ಸ್ಪರ್ಧೆಯಲ್ಲಿ ಗೆದ್ದವರು ಭೂದೃಶ್ಯ ವಿನ್ಯಾಸಕ ಪೀಟರ್ ಲಾಟ್ಸ್. ಇಲ್ಲಿ ದುಡಿದ ಅಜ್ಜ ಮೊಮ್ಮಕ್ಕಳ ಕೈ ಹಿಡಿದು ಬಂದು, ತಾನು ಏನು ಕೆಲಸ ಮಾಡುತ್ತಿದ್ದೆ, ಈ ಯಂತ್ರ ಯಾತಕ್ಕಿತ್ತು ಎಂದು ತೋರಿಸುವಂತಿರಬೇಕು ಎನ್ನುವುದು ಅವರ ಆಸೆಯಾಗಿತ್ತು. ಹಾಗಾಗಿ ಕುಲುಮೆ, ಚಿಮಣಿ, ಅದಿರಿನ ಗೋದಾಮು, ರೈಲು ಹಳಿ ಎಲ್ಲವೂ ಇದ್ದಲ್ಲೇ ಉಳಿದವು. ಬಣ್ಣ ಬಳಿದು ಹೊಸದರಂತೆ ಮಾಡುವ ಗೋಜಿಗೂ ಯಾರೂ ಹೋಗಲಿಲ್ಲ. ಸುಮಾರು 180 ಹೆಕ್ಟೇರಿನ ಈ ಉದ್ಯಾನ 1994ರಲ್ಲಿ ಜನರಿಗೆ ತೆರೆಯಿತು.

ಒಂದನೇ ಕುಲುಮೆಯ ಎರಕದ ಅಂಗಳದಲ್ಲಿ ನಿಂತರೆ ಲಾಟ್ಸ್ ಮನಸ್ಸಿನಲ್ಲಿದ್ದದ್ದೇನೆಂದು ಅರ್ಥವಾಗುತ್ತದೆ. ಮೇಲಿನಿಂದ ಅದಿರು, ಕೋಕ್, ಸುಣ್ಣಕಲ್ಲು ಸುರಿದು ಕೆಳಗಿನಿಂದ ಕಾದ ಗಾಳಿ ಊದುತ್ತಿದ್ದರು. ಕರಗಿದ ಕಬ್ಬಿಣ ತಳದಲ್ಲಿ ಶೇಖರವಾಗುತ್ತಿತ್ತು, ಅದಕ್ಕಿಂತ ಹಗುರವಾದ ಕಿಟ್ಟ ಮೇಲೆ ತೇಲುತ್ತಿತ್ತು. ಹೊತ್ತಾದಾಗ ಕಾರ್ಮಿಕರು ಕುಲುಮೆಯ ಬಾಯಿಗೆ ಮೆತ್ತಿದ್ದ ಜೇಡಿಮಣ್ಣಿನ ಬಿರಡೆ ಕೊರೆದು ತೆರೆದರೆ, ಬೆಂಕಿಯ ಹೊಳೆ ಕಾಲುವೆ ಹಿಡಿದು ಹರಿಯುತ್ತಿತ್ತು. ಅವರು ಅದರಿಂದ ಕೆಲವೇ ಹೆಜ್ಜೆ ದೂರದಲ್ಲಿ ನಿಂತು ಕೆಲಸ ಮಾಡಬೇಕಿತ್ತು. ಈಗ ಬೇಸಿಗೆಯ ರಾತ್ರಿಗಳಲ್ಲಿ ಅದೇ ಅಂಗಳದಲ್ಲಿ ಕುರ್ಚಿ ಹಾಕಿ ಸಿನಿಮಾ ತೋರಿಸುತ್ತಾರೆ.

ಕುಲುಮೆಗಳ ನಡುವಿನ ಚೌಕದ ನೆಲಕ್ಕೆ 49 ಕಬ್ಬಿಣದ ಫಲಕಗಳನ್ನು ಹಾಸಿದ್ದಾರೆ. ಒಂದು ಕಾಲಕ್ಕೆ ಇವು ಎರಕದ ಗುಂಡಿಗಳೊಳಗಿದ್ದವು. ಕರಗಿದ ಲೋಹ ಕೊರೆದ ಗುಳಿಗಳು, ಗೆರೆಗಳು ಅವುಗಳ ಮೈಮೇಲೆ ಈಗಲೂ ಕಾಣುತ್ತವೆ. ಇಡೀ ಉದ್ಯಾನದಲ್ಲಿ ನನಗೆ ಬಹಳ ಹಿಡಿಸುವುದು ಈ ನೆಲ. ಯಾವ ಸೂಚನಾಫಲಕ, ಯಾವ ವಿವರಣೆಯೂ ಹೇಳಲಾರದಷ್ಟನ್ನು ಅದು ಹೇಳುತ್ತದೆ.

ಉಳಿದ ಕಟ್ಟಡಗಳಿಗೂ ಕೆಲಸ ಸಿಕ್ಕಿದೆ. ಅದಿರಿನ ಗೋದಾಮಿನ ದಪ್ಪ ಕಾಂಕ್ರೀಟ್ ಗೋಡೆಗಳನ್ನು ಪರ್ವತಾರೋಹಿಗಳು ಹತ್ತುತ್ತಾರೆ. 45 ಮೀಟರ್ ಅಗಲದ ಅನಿಲದ ಟ್ಯಾಂಕಿಗೆ ನೀರು ತುಂಬಿದ್ದು, ಮುಳುಗುಗಾರರು 13 ಮೀಟರ್ ಆಳಕ್ಕೆ ಇಳಿಯುತ್ತಾರೆ. 1996ರಿಂದ ಬೆಳಕಿನ ವಿನ್ಯಾಸಕ ಜೊನಾಥನ್ ಪಾರ್ಕ್ ರೂಪಿಸಿದ ದೀಪಗಳು ರಾತ್ರಿ ಕುಲುಮೆಗಳಿಗೆ ಬಣ್ಣ ಕೊಡುತ್ತಿವೆ.

ಕಷ್ಟದ ಕೆಲಸವೆಂದರೆ ನೆಲ ಮತ್ತು ನೀರಿನದು. ಗಣಿಗಾರಿಕೆಯಿಂದ ರೂರ್ ಎಂಬ ಈ ಸೀಮೆಯ ನೆಲ ಕುಸಿಯುತ್ತಲೇ ಇದ್ದುದರಿಂದ ನೆಲದಡಿಯ ಕೊಳವೆಗಳು ನಿಲ್ಲುತ್ತಿರಲಿಲ್ಲ. ಹೀಗಾಗಿ ಎಂಶರ್ ನದಿಯೇ ತೆರೆದ ಚರಂಡಿಯಾಗಿತ್ತು. ಉದ್ಯಾನದೊಳಗೆ ಕೊಳಚೆಯನ್ನು ಮುಚ್ಚಿದ ಕೊಳವೆಗೆ ತಿರುಗಿಸಿ, ಮೇಲಿನ ಕಾಲುವೆಗೆ ಮಳೆನೀರು ಹರಿಸಿದರು. ವಿಷ ಸೇರಿದ ಮಣ್ಣಿನ ಒಂದಷ್ಟನ್ನು ಕಾರ್ಖಾನೆಯ ಹಳೆಯ ಶೇಖರಣಾ ಬಂಕರುಗಳಲ್ಲೇ ಹಾಕಿ ಮುಚ್ಚಿದ್ದಾರೆ. ದೂರದೇಶಗಳ ಅದಿರಿನ ಜೊತೆ ಬಂದಿಳಿದ ಬೀಜಗಳೂ ಇಲ್ಲಿ ಬೇರೂರಿವೆ. ದಕ್ಷಿಣ ಆಫ್ರಿಕಾ ಮೂಲದ ಹಳದಿ ಹೂವಿನ ಒಂದು ಗಿಡ ಹಳಿಗಳ ಕಲ್ಲುಗಳ ನಡುವೆ ಸೊಂಪಾಗಿ ಬೆಳೆಯುತ್ತದೆ.

ಒಂದು ಮಾತು ಹೇಳಲೇಬೇಕು. ಯಂತ್ರ ಉಳಿಸಿದ ಮಾತ್ರಕ್ಕೆ ದುಡಿಮೆಯ ನೆನಪು ತಾನಾಗಿ ಉಳಿಯುವುದಿಲ್ಲ. ಸೆಕೆ, ದೂಳು, ಕಿವಿಗಡಚಿಕ್ಕುವ ಸದ್ದು, ರಾತ್ರಿ ಪಾಳಿ, ಇವು ಬಣ್ಣದ ಬೆಳಕಿನಲ್ಲಿ ಕಾಣುವುದಿಲ್ಲ. ಜರ್ಮನಿ, ತುರ್ಕಿ ನಡುವಿನ 1961ರ ಕಾರ್ಮಿಕ ಒಪ್ಪಂದದ ನಂತರ ರೂರ್ ಸೀಮೆಯ ಗಣಿ, ಕುಲುಮೆಗಳಿಗೆ ಬಂದ ತುರ್ಕಿಯ ಕಾರ್ಮಿಕರ ಕಥೆಯೂ, ಎರಡನೇ ಮಹಾಯುದ್ಧದ ಕಾಲದಲ್ಲಿ ಇಲ್ಲಿನ ಕಾರ್ಖಾನೆಗಳಲ್ಲಿ ಬಲವಂತವಾಗಿ ದುಡಿಸಿದವರ ಕಥೆಯೂ ಹೇಳುವವರಿದ್ದರೆ ಮಾತ್ರ ಕಿವಿಗೆ ಬೀಳುತ್ತವೆ. ಹಳೆಯ ಕಾರ್ಮಿಕರೇ ಮುಂದೆ ನಿಂತು ಕುಲುಮೆ ತೋರಿಸುವ ಪದ್ಧತಿ ಅದಕ್ಕೇ ಅಷ್ಟು ಮುಖ್ಯ. ಅವರಿಗೆ ವಯಸ್ಸಾಗುತ್ತಿದೆ. ಅವರ ಮಾತನ್ನು ದಾಖಲಿಸುವ ಕೆಲಸಕ್ಕೆ ತುಕ್ಕು ತಡೆಯುವ ಕೆಲಸದಷ್ಟೇ ಹಣ, ಅಷ್ಟೇ ಕಾಳಜಿ ಬೇಕು.

ಉದ್ಯಾನಕ್ಕೆ ಪ್ರವೇಶ ಶುಲ್ಕವಿಲ್ಲ, ಹಗಲು ರಾತ್ರಿ ತೆರೆದಿರುತ್ತದೆ. ಐದನೇ ಕುಲುಮೆಯ ಮೆಟ್ಟಿಲು ಹತ್ತಿ ಸುಮಾರು 70 ಮೀಟರ್ ಎತ್ತರದ ತುದಿಗೆ ಹೋಗಬಹುದು. ಅಲ್ಲಿಂದ ಡ್ಯೂಸ್‌ಬರ್ಗಿನಲ್ಲಿ ಇನ್ನೂ ನಡೆಯುತ್ತಿರುವ ಉಕ್ಕಿನ ಕಾರ್ಖಾನೆಗಳೂ ಕಾಣುತ್ತವೆ.