ಕೂಡುಸಾಲವೂ ಒಬ್ಬನ ಬಿಡುಗಡೆಯೂ

ಬಾಗಲಕೋಟೆ ಜಿಲ್ಲೆಯ ಕಮತಗಿಯು ನೇಕಾರರ ಊರು. ಅಲ್ಲಿಯ ಮಗ್ಗಗಳ ಮೇಲೆ ಇಳಕಲ್ಲ ಸೀರೆಗಳು ಸಿದ್ಧವಾಗುವವು. ನೂಲಿಗೆ ಮೊದಲು ಹಣ ಬೇಕು. ಸೀರೆ ಮಾರಿದ ಮೇಲೆಯೇ ಹಣ ಬರುವದು. ನಡುವಿನ ದಿನಗಳಿಗೆ ಸಾಲವೇ ಆಸರೆ. ಒಬ್ಬನಿಗೆ ಕೊಡಲೊಲ್ಲದ ಸಾಹುಕಾರನು ಮೂವರು ಕೂಡಿ ಸಹಿ ಮಾಡಿದರೆ ಕೊಡುವದುಂಟು. ಇಂಥ ಸಾಲದ ಮರ್ಮವನ್ನು ಗೃಹಿಣಿಯರೂ ಅರಿತಿರಬೇಕೆಂದು ನಾವು ಭಾವಿಸುವೆವು. ಸಹಿ ಯಾರದೇ ಇರಲಿ, ಕೊನೆಗೆ ಒತ್ತೆ ಬೀಳುವದು ಮನೆಯ ಬಂಗಾರವಲ್ಲವೆ?

ಮೂವರು ನೇಕಾರರು ಕೂಡಿ, ಸಮಪಾಲಿನಿಂದ, 30,000 ರೂಪಾಯಿ ಸಾಲ ತಂದರೆಂದು ಎಣಿಸೋಣ. ಬಡ್ಡಿಯ ಮಾತು ಬದಿಗಿರಲಿ. ಅವರಲ್ಲೊಬ್ಬನು 4,000 ಕೊಟ್ಟು ಕೈಮುಗಿಯಲು, ಸಾಹುಕಾರನು ಕನಿಕರದಿಂದ ಅವನೊಬ್ಬನಿಗೆ ಬಿಡುಗಡೆಯನ್ನು ಬರೆದುಕೊಟ್ಟನು. ಉಳಿದಿಬ್ಬರ ಗತಿಯೇನು?

ಇಂಗ್ಲೆಂಡಿನ ಹಳೆಯ ನ್ಯಾಯದಂತೆ, ಕೂಡುಸಾಲದಲ್ಲಿ ಒಬ್ಬನನ್ನು ಬಿಟ್ಟರೆ ಎಲ್ಲರನ್ನೂ ಬಿಟ್ಟಂತೆ. ನಮ್ಮ ದೇಶದ 1872ರ ಕರಾರು ಕಾಯಿದೆಯು ಆ ದಾರಿಯನ್ನು ಹಿಡಿಯಲಿಲ್ಲ. ಅದರ 44ನೆಯ ಕಲಮಿನಂತೆ ಒಬ್ಬನ ಬಿಡುಗಡೆಯಿಂದ ಮಿಕ್ಕವರ ಋಣ ಹರಿಯುವದಿಲ್ಲ. ಅಷ್ಟೇ ಅಲ್ಲ, ಪತ್ರದಲ್ಲಿ ಬೇರೆ ಮಾತು ಇಲ್ಲದಿದ್ದರೆ, ಸಾಹುಕಾರನು ಉಳಿದ 26,000 ರೂಪಾಯಿಗಳನ್ನು ಇಬ್ಬರಲ್ಲಿ ಒಬ್ಬನಿಂದಲೇ ಕೇಳಬಹುದೆಂದು 43ನೆಯ ಕಲಮು ಹೇಳುವದು.

ಹಾಗಾದರೆ ಬಿಡುಗಡೆಯಾದವನು ಪೂರ್ಣವಾಗಿ ಪಾರಾದನೆ? ಇಲ್ಲ. ಸಾಹುಕಾರನು ಬಿಟ್ಟದ್ದು ತನ್ನ ಹಕ್ಕನ್ನು ಮಾತ್ರ. ಸಂಗಡಿಗರ ಹಕ್ಕನ್ನು ಬಿಟ್ಟುಕೊಡಲು ಅವನಿಗೆ ಅಧಿಕಾರವೆಲ್ಲಿಯದು? ಒಬ್ಬನೇ 26,000 ತೆತ್ತರೆ, ಅವನು ಎರಡನೆಯವನಿಂದ 10,000ವನ್ನೂ, ಬಿಡುಗಡೆಯಾದವನಿಂದ ಪಾಲಿನ ಬಾಕಿ 6,000ವನ್ನೂ ಕೇಳಬಹುದು. ಆಗ ಮೂವರಿಗೂ ಹತ್ತು ಹತ್ತು ಸಾವಿರವೇ ತಗಲಿತು. ಆದರೆ ಒಬ್ಬನು ಕೈಲಾಗದೆ ನಿಂತರೆ ಅವನ ಪಾಲಿನ ನಷ್ಟವನ್ನು ಉಳಿದವರು ಸಮವಾಗಿ ಹೊರಬೇಕು.

ಜಾಮೀನಿನ ರೀತಿ ಬೇರೆ. ಮೂಲ ಸಾಲಗಾರನನ್ನೇ ಸಾಹುಕಾರನು ಕರಾರಿನಿಂದ ಬಿಟ್ಟರೆ ಜಾಮೀನುದಾರನೂ ಬಿಡುಗಡೆ ಹೊಂದುವನು (134ನೆಯ ಕಲಮು). ಹಲವು ಜಾಮೀನುದಾರರಲ್ಲಿ ಒಬ್ಬನನ್ನು ಬಿಟ್ಟರೆ ಮಾತ್ರ ಉಳಿದವರು ಬಿಡುಗಡೆ ಹೊಂದರು (138ನೆಯ ಕಲಮು).

ಆದುದರಿಂದ ವಾಚಕರಲ್ಲಿ ನಮ್ಮ ಬಿನ್ನಹವಿಷ್ಟು: ಪಾವತಿಯ ಅಕ್ಷರಗಳನ್ನು ಓದದೆ ನಿಶ್ಚಿಂತರಾಗಬೇಡಿರಿ. ಸಾಹುಕಾರನು ಕಡಿಮೆ ಹಣಕ್ಕೇ ಒಪ್ಪಿ "ಸಾಲವೆಲ್ಲ ತೀರಿತು" ಎಂದು ಬರೆದುಕೊಟ್ಟರೆ ಎಲ್ಲರ ಋಣವೂ ಹರಿಯಿತು. "ಇವನನ್ನು ಬಿಟ್ಟಿದ್ದೇನೆ" ಎಂದಷ್ಟೇ ಬರೆದರೆ ಉಳಿದವರ ಕೊರಳಿನ ನೊಗ ಇಳಿಯಲಿಲ್ಲ. ನೆರೆಯವನ ಬಿಡುಗಡೆಯ ಸುದ್ದಿ ಕೇಳಿದ ದಿನವೇ ಮೂವರೂ ಕೂಡಿ ಕುಳಿತು, ಯಾರ ಪಾಲು ಎಷ್ಟೆಂದು ಬರೆದಿಡುವದು ಲೇಸು. ಸಾಲ ತೀರಿದ ಮೇಲೂ ಒಂದೇ ಓಣಿಯಲ್ಲಿ ಬಾಳಬೇಕಾದವರಿಗೆ ಸ್ನೇಹ ಉಳಿಯುವ ದಾರಿಯೂ ಇದೇ.