ಅಗ್ಗದ ಪರೀಕ್ಷೆ ಎಂದರೆ ಯಾವುದು?

ಬಹಳ ವರ್ಷಗಳ ಹಿಂದಿನ ಮಾತು. ನಾನು ಆಗತಾನೇ ವೈದ್ಯಕೀಯ ವ್ಯಾಸಂಗವನ್ನು ಮುಗಿಸಿ ತಾಲ್ಲೂಕಿನ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದೆ. ಸೊಸೆಯ ಹೆರಿಗೆಗೆಂದು ಜೊತೆಯಲ್ಲಿ ಬಂದಿದ್ದ ತಾಯಿಯೊಬ್ಬರನ್ನು, ನೀವೂ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿರೆಂದು ಕೇಳಿಕೊಂಡೆ. ನಲವತ್ತೈದರ ಆಸುಪಾಸಿನ ವಯಸ್ಸು. ಆಕೆ ನಕ್ಕುಬಿಟ್ಟರು. “ನಂಗೇನು ನೋವಿಲ್ಲವಲ್ಲ ಡಾಕ್ಟ್ರಮ್ಮ. ನೋವಿಲ್ಲದ ಕಡೆ ಏನ್ ನೋಡ್ತೀರಿ?” ಎಂದರು. ಹೇಗೋ ಒಪ್ಪಿಸಿ, ಗರ್ಭಕೋಶದ ಕೊರಳಿನಿಂದ ಒಂದಿಷ್ಟು ಜೀವಕೋಶಗಳನ್ನು ತೆಗೆದು, ಗಾಜಿನ ಪಟ್ಟಿಯ ಮೇಲೆ ಸವರಿ ನಗರದ ಪ್ರಯೋಗಶಾಲೆಗೆ ಕಳುಹಿಸಿದೆ.

ಉತ್ತರ ಬರುವ ಹೊತ್ತಿಗೆ ಎರಡು ತಿಂಗಳು ಕಳೆದಿತ್ತು. ತೀವ್ರ ಸ್ವರೂಪದ ಬದಲಾವಣೆಗಳಿವೆ, ಕೂಡಲೇ ಮುಂದಿನ ಪರೀಕ್ಷೆಗೆ ಕಳುಹಿಸತಕ್ಕದ್ದು ಎಂದು ಅದರಲ್ಲಿ ಬರೆದಿತ್ತು. ಅಷ್ಟರಲ್ಲಿ ಸೊಸೆ, ಮಗು, ಅತ್ತೆ ಎಲ್ಲರೂ ಊರು ಸೇರಿಯಾಗಿತ್ತು. ಒಂದು ಕಾರ್ಡು ಬರೆದು ಹಾಕಿದೆ. ಅದು ತಲುಪಿತೋ, ತಲುಪಿದ ಮೇಲೆ ಯಾರಾದರೂ ಅದನ್ನು ಆಕೆಗೆ ಓದಿ ಹೇಳಿದರೋ, ನನಗೆ ತಿಳಿಯಲಿಲ್ಲ. ನಾಲ್ಕು ವರ್ಷಗಳ ಮೇಲೆ ಆಕೆ ತಾವಾಗಿಯೇ ಬಂದರು. ಈ ಬಾರಿ ನೋವಿತ್ತು, ರಕ್ತಸ್ರಾವವಿತ್ತು. ಕ್ಯಾನ್ಸರ್ ಅಕ್ಕಪಕ್ಕಕ್ಕೆಲ್ಲ ಹರಡಿತ್ತು. ಮುಂದಿನದನ್ನು ನಾನು ಹೇಳಬೇಕಾಗಿಲ್ಲ.

ಆ ಪರೀಕ್ಷೆ ತಪ್ಪಾಗಿರಲಿಲ್ಲ. ವರದಿಯೂ ನಿಜವನ್ನೇ ನುಡಿದಿತ್ತು. ಆದರೆ ವರದಿಗೂ ಆಕೆಯ ಮನೆಯ ಹೊಸ್ತಿಲಿಗೂ ನಡುವಣ ದಾರಿಯನ್ನು ಯಾರೂ ಅಳೆದಿರಲಿಲ್ಲ. ಬಡವರ ನಾಡಿಗೆ ಅಗ್ಗದ ಪರೀಕ್ಷೆ ಬೇಕೆಂದು ನಾವು ಹೇಳುವಾಗ, ರೂಪಾಯಿ ಪೈಸೆಗಳ ಲೆಕ್ಕವನ್ನಷ್ಟೇ ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತೇವೆ. ಹೆಣ್ಣುಮಗಳೊಬ್ಬಳು ಆಸ್ಪತ್ರೆಗೆ ಎಷ್ಟು ಸಲ ಬರಬೇಕು, ಎಷ್ಟು ದಿನದ ಕೂಲಿ ಬಿಡಬೇಕು, ಮನೆಯಲ್ಲಿ ಎಷ್ಟು ಜನರ ಅಪ್ಪಣೆ ಪಡೆಯಬೇಕು ಎಂಬುದೂ ಆ ಲೆಕ್ಕಕ್ಕೆ ಸೇರಬೇಕು. ಇಂದು ನಾನು ಹೇಳಹೊರಟಿರುವುದು ಇಷ್ಟೇ.

ಗರ್ಭಕೋಶದ ಕೆಳತುದಿಯನ್ನು, ಅದು ಯೋನಿಯೊಳಕ್ಕೆ ತೆರೆದುಕೊಳ್ಳುವ ಭಾಗವನ್ನು, ಗರ್ಭಕಂಠವೆನ್ನುತ್ತೇವೆ. ಅಲ್ಲಿ ಹುಟ್ಟುವ ಕ್ಯಾನ್ಸರಿನ ಮೂಲ ಒಂದು ವೈರಸ್. ಹ್ಯೂಮನ್ ಪ್ಯಾಪಿಲೋಮ ವೈರಸ್ ಎಂದು ಅದರ ಹೆಸರು. ಅದರ ಹದಿನಾರನೆಯ ಬಗೆಯನ್ನು ಈ ಕ್ಯಾನ್ಸರಿನಲ್ಲಿ 1983ರಲ್ಲಿ ಗುರುತಿಸಿದವರು ಜರ್ಮನಿಯ ಹ್ಯಾರಾಲ್ಡ್ ಝುರ್ ಹೌಸನ್ ಮತ್ತು ಅವರ ಸಂಗಡಿಗರು. 2008ರಲ್ಲಿ ಹೌಸನ್ ಅವರಿಗೆ ನೊಬೆಲ್ ಬಹುಮಾನ ಬಂದಿತು. ದಾಂಪತ್ಯ ನಡೆಸುವ ಬಹುಪಾಲು ಸ್ತ್ರೀಯರಿಗೆ ಈ ವೈರಸ್ ಎಂದಾದರೊಮ್ಮೆ ತಗುಲಿ, ಸಾಮಾನ್ಯವಾಗಿ ಒಂದೆರಡು ವರ್ಷಗಳಲ್ಲಿ ತಾನಾಗಿಯೇ ತೊಲಗುತ್ತದೆ. ಆದ್ದರಿಂದ ಅದು ತಗುಲಿತೆಂಬುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಕೆಲವರಲ್ಲಿ ಮಾತ್ರ ಅದು ಬೇರುಬಿಟ್ಟು ನಿಂತು ಜೀವಕೋಶಗಳ ಗುಣವನ್ನೇ ಕೆಡಿಸುತ್ತದೆ. ಹಾಗೆ ಕೆಟ್ಟ ಕೋಶಗಳು ಕ್ಯಾನ್ಸರಾಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಇಷ್ಟು ದೀರ್ಘಕಾಲ ನಮಗೆ ಅವಕಾಶ ಕೊಡುವ ಕ್ಯಾನ್ಸರು ಅಪರೂಪ. ಹೀಗಿದ್ದರೂ 2022ರಲ್ಲಿ ಜಗತ್ತಿನಾದ್ಯಂತ ಸುಮಾರು 3,50,000 ಸ್ತ್ರೀಯರು ಇದರಿಂದ ಸತ್ತರು. ಅವರಲ್ಲಿ ನೂರಕ್ಕೆ 94 ಮಂದಿ ಬಡ ಮತ್ತು ಮಧ್ಯಮ ವರಮಾನದ ದೇಶಗಳವರು.

ಸಿರಿವಂತ ದೇಶಗಳನ್ನು ಬಹುಮಟ್ಟಿಗೆ ಕಾಪಾಡಿದ್ದು ಪ್ಯಾಪ್ ಪರೀಕ್ಷೆ. ಗ್ರೀಸಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಜಾರ್ಜ್ ಪಾಪಾನಿಕೊಲೌ ಎಂಬ ವಿಜ್ಞಾನಿ ಹರ್ಬರ್ಟ್ ಟ್ರಾಟ್ ಅವರೊಡನೆ 1940ರ ದಶಕದ ಮೊದಲಲ್ಲಿ ಅದನ್ನು ಬಳಕೆಗೆ ತಂದರು. ನಾನು ಅಂದು ಗಾಜಿನ ಪಟ್ಟಿಯ ಮೇಲೆ ಸವರಿ ಕಳುಹಿಸಿದ್ದೂ ಅದನ್ನೇ. ಕೋಶಗಳಿಗೆ ಬಣ್ಣ ಕಟ್ಟಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ನೋಡುವ ಕಣ್ಣು ನುರಿತದ್ದಾಗಿರಬೇಕು. ಕೆಲವು ವರ್ಷಗಳಿಗೊಮ್ಮೆ ಪರೀಕ್ಷೆ ಮರುಕಳಿಸಬೇಕು. ಸಂಶಯ ಕಂಡವರನ್ನು ಹುಡುಕಿ ಕರೆತರಬೇಕು. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಉಳಿದ ಕೊಂಡಿಗಳು ನಿಷ್ಪ್ರಯೋಜಕ.

ಈ ಸರಪಳಿಯನ್ನು ಮೊಟಕುಗೊಳಿಸುವ ಉಪಾಯವೊಂದು ಅಡುಗೆಮನೆಯ ಪದಾರ್ಥದಲ್ಲಿಯೇ ಸಿಕ್ಕಿತು. ವಿನೆಗರ್ ನಿಮಗೆಲ್ಲ ಪರಿಚಿತ. ಅದರಲ್ಲಿರುವ ಅಸಿಟಿಕ್ ಆಮ್ಲವನ್ನು ನೂರಕ್ಕೆ ಮೂರರಿಂದ ಐದು ಪಾಲಿನಷ್ಟು ನೀರಿನಲ್ಲಿ ಬೆರೆಸಿ, ಹತ್ತಿಯಿಂದ ಗರ್ಭಕಂಠಕ್ಕೆ ಸವರಿ ಒಂದು ನಿಮಿಷ ಕಾಯಬೇಕು. ಕೆಟ್ಟ ಕೋಶಗಳಲ್ಲಿ ಕೋಶಕೇಂದ್ರ ದೊಡ್ಡದು, ಪ್ರೋಟೀನು ಹೆಚ್ಚು. ಆಮ್ಲದ ಸ್ಪರ್ಶದಿಂದ ಪ್ರೋಟೀನು ತಾತ್ಕಾಲಿಕವಾಗಿ ಹೆಪ್ಪುಗಟ್ಟುತ್ತದೆ. ಬೆಳಕು ಒಳಹೊಗಲಾರದೆ ಹಿಂದಕ್ಕೆ ಚಿಮ್ಮುತ್ತದೆ. ಗುಲಾಬಿ ಬಣ್ಣದ ಮೈಮೇಲೆ ಅಷ್ಟು ಜಾಗ ಮಾತ್ರ ಬೆಳ್ಳಗೆ, ಅಂಚು ಕಟ್ಟಿದಂತೆ ಕಾಣುತ್ತದೆ. ಬೇಕಾದುದು ಒಳ್ಳೆಯ ದೀಪ, ಸ್ಪೆಕ್ಯುಲಮ್ ಎಂಬ ಉಪಕರಣ, ತರಬೇತಿ ಪಡೆದ ಕಣ್ಣು. ಸೂಕ್ಷ್ಮದರ್ಶಕ ಬೇಡ, ಅಂಚೆಯೂ ಬೇಡ.

ಕಾಯಿಲೆಯ ಮುನ್ಸೂಚನೆ ಕಂಡಾಗ, ಅದು ಚಿಕ್ಕದಾಗಿದ್ದರೆ, ಆ ಭಾಗವನ್ನು ಅಂದೇ ಅಲ್ಲಿಯೇ ಹೆಪ್ಪುಗಟ್ಟಿಸಿ ನಾಶಮಾಡಬಹುದು. ಅನಿಲದಿಂದ ತಣ್ಣಗಾದ ಲೋಹದ ತುದಿಯನ್ನು ಮೂರು ನಿಮಿಷ ಒತ್ತಿಹಿಡಿದು, ಐದು ನಿಮಿಷ ಬಿಟ್ಟು, ಮತ್ತೆ ಮೂರು ನಿಮಿಷ ಒತ್ತುವ ಚಿಕಿತ್ಸೆ ಅದು. ಈಚೆಗೆ ನೂರು ಡಿಗ್ರಿ ಶಾಖದಿಂದ ಒಂದು ನಿಮಿಷದೊಳಗೇ ಇದೇ ಕೆಲಸ ಮಾಡುವ, ಕೈಯಲ್ಲಿ ಹಿಡಿಯಬಹುದಾದ ಉಪಕರಣಗಳೂ ಬಂದಿವೆ.

ಇದರಿಂದ ನಿಜವಾಗಿಯೂ ಪ್ರಾಣ ಉಳಿದೀತೇ? ಈ ಪ್ರಶ್ನೆಗೆ ಉತ್ತರ ಕೊಟ್ಟವರಲ್ಲಿ ನಮ್ಮ ದೇಶದ ಸ್ತ್ರೀಯರೇ ಮುಖ್ಯರು. ತಮಿಳುನಾಡಿನ ದಿಂಡಿಗಲ್ ಜಿಲ್ಲೆಯಲ್ಲಿ 30ರಿಂದ 59 ವಯಸ್ಸಿನವರನ್ನು ತರಬೇತಿ ಪಡೆದ ದಾದಿಯರು ಒಂದೇ ಒಂದು ಬಾರಿ ಹೀಗೆ ಪರೀಕ್ಷಿಸಿದರು. ಅಗತ್ಯವಿದ್ದವರಿಗೆ ಅದೇ ಭೇಟಿಯಲ್ಲಿ ಶೈತ್ಯ ಚಿಕಿತ್ಸೆಯನ್ನೂ ಕೊಟ್ಟರು. 2007ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಪರೀಕ್ಷೆ ನಡೆಯದ ಗ್ರಾಮಗಳಿಗೆ ಹೋಲಿಸಿದಾಗ, ಈ ಕ್ಯಾನ್ಸರಿನಿಂದ ಸಾಯುವವರ ಪ್ರಮಾಣ ನೂರಕ್ಕೆ 35ರಷ್ಟು ತಗ್ಗಿತ್ತು. ಮುಂಬಯಿಯ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು ಹತ್ತನೆಯ ತರಗತಿ ಓದಿದ ಮಹಿಳೆಯರಿಗೆ ನಾಲ್ಕು ವಾರ ತರಬೇತಿ ಕೊಟ್ಟು, ಎರಡೆರಡು ವರ್ಷಗಳಿಗೊಮ್ಮೆ ನಾಲ್ಕು ಸುತ್ತು ಪರೀಕ್ಷೆ ನಡೆಸಿದರು. ಹನ್ನೆರಡು ವರ್ಷಗಳ ನಂತರ ಮರಣಪ್ರಮಾಣ ನೂರಕ್ಕೆ 31ರಷ್ಟು ಇಳಿದಿತ್ತು.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ನಮ್ಮ ಬೀದರ್, ಕಲಬುರಗಿ ಜಿಲ್ಲೆಗಳಿಗೆ ಹೊಂದಿಕೊಂಡಿರುವ ಮಹಾರಾಷ್ಟ್ರದ ಉಸ್ಮಾನಾಬಾದಿನಲ್ಲಿ, ಅಂದರೆ ಈಗಿನ ಧಾರಾಶಿವದಲ್ಲಿ, 1999ರಿಂದ ನಡೆದ ಇನ್ನೊಂದು ಪ್ರಯೋಗ ಬೇರೆಯೇ ಪಾಠವನ್ನು ಕಲಿಸಿತು. ಅಲ್ಲಿ 1,31,746 ಸ್ತ್ರೀಯರನ್ನು ನಾಲ್ಕು ಗುಂಪು ಮಾಡಿದ್ದರು. ಒಂದಕ್ಕೆ ಪ್ಯಾಪ್ ಪರೀಕ್ಷೆ, ಒಂದಕ್ಕೆ ವಿನೆಗರ್, ಒಂದಕ್ಕೆ ವೈರಸ್ಸಿನ ಡಿಎನ್‌ಎ ಪರೀಕ್ಷೆ. ನಾಲ್ಕನೆಯದಕ್ಕೆ ಎಂದಿನ ಆರೈಕೆ ಮಾತ್ರ. 2009ರಲ್ಲಿ ಹೊರಬಂದ ಫಲಿತಾಂಶದಲ್ಲಿ, ಒಂದೇ ಬಾರಿ ನಡೆದ ಡಿಎನ್‌ಎ ಪರೀಕ್ಷೆಯಿಂದ ಮರಣ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಉಳಿದೆರಡು ಪರೀಕ್ಷೆಗಳಿಂದ ಖಚಿತವಾಗಿ ಹೇಳಬಹುದಾದಷ್ಟು ಲಾಭ ಕಾಣಲಿಲ್ಲ. ವಿನೆಗರ್ ಪರೀಕ್ಷೆಯ ಬಲಾಬಲ ನೋಡುವ ಕಣ್ಣನ್ನು ಅವಲಂಬಿಸಿದೆ. ಬೆಳ್ಳಗೆ ಕಂಡದ್ದೆಲ್ಲ ಕೇಡಲ್ಲ. ಮುಟ್ಟು ನಿಂತವರಲ್ಲಿ ನೋಡಬೇಕಾದ ಭಾಗ ಒಳಕ್ಕೆ ಸರಿದು ಕಣ್ಣಿಗೆ ಬೀಳದೆಯೂ ಹೋದೀತು.

ಆದುದರಿಂದಲೇ ವಿಶ್ವ ಆರೋಗ್ಯ ಸಂಸ್ಥೆ 2021ರಿಂದ ಡಿಎನ್‌ಎ ಪರೀಕ್ಷೆಗೆ ಮೊದಲ ಸ್ಥಾನ ಕೊಟ್ಟಿದೆ. ಮೂವತ್ತರಿಂದ ಮೊದಲ್ಗೊಂಡು ಐದರಿಂದ ಹತ್ತು ವರ್ಷಗಳಿಗೊಮ್ಮೆ ಮಾಡಿಸಿದರೆ ಸಾಕು. ಅದಕ್ಕೆ ಬೇಕಾದ ಮಾದರಿಯನ್ನು ಹೆಂಗಸು ತಾನೇ ಮರೆಯಲ್ಲಿ ತೆಗೆದುಕೊಡಬಹುದು. ಪರೀಕ್ಷೆಯ ಮೇಜಿಗೆ ಅಂಜುವವರಿಗೆ ಇದು ಸಣ್ಣ ಅನುಕೂಲವಲ್ಲ. ಆದರೆ ಅದಕ್ಕೆ ಯಂತ್ರ ಬೇಕು, ಖರ್ಚೂ ಹೆಚ್ಚು. ಮಾದರಿ ನಗರಕ್ಕೆ ಹೋಗಿ ಉತ್ತರ ತಿಂಗಳ ಮೇಲೆ ಬರುವುದಾದರೆ, ಹೊಸ ಯಂತ್ರವೂ ನನ್ನ ಹಳೆಯ ಗಾಜಿನ ಪಟ್ಟಿಯ ಗತಿಯನ್ನೇ ಕಂಡೀತು. ಯಂತ್ರ ಬರುವ ತನಕ ಹತ್ತಿರದ ದಾದಿಯ ಕೈಯಲ್ಲಿರುವ ವಿನೆಗರನ್ನು ಕಡೆಗಣಿಸುವುದೂ ಜಾಣತನವಲ್ಲ.

ಇನ್ನೊಂದು ಮಾತನ್ನು ಹೇಳದೆ ಮುಗಿಸಲಾರೆ. ಈ ಪ್ರಯೋಗಗಳಲ್ಲಿ ಹೋಲಿಕೆಗಾಗಿ ಪರೀಕ್ಷೆಯಿಲ್ಲದೆ ಉಳಿದ ಗುಂಪುಗಳಿದ್ದುವಷ್ಟೆ. ಅವರಲ್ಲಿಯೂ ಕೆಲವರು ಈ ಕಾಯಿಲೆಯಿಂದಲೇ ಸತ್ತರು. ಇದು ಸರಿಯೇ ಎಂದು ದೇಶವಿದೇಶಗಳಲ್ಲಿ ಕಟುವಾದ ಚರ್ಚೆ ನಡೆಯಿತು. ಆಗ ದೇಶದಲ್ಲಿ ಎಲ್ಲರಿಗೂ ದೊರೆಯುತ್ತಿದ್ದ ಪರೀಕ್ಷೆಯೇ ಇರಲಿಲ್ಲವೆಂಬುದು ಪ್ರಯೋಗ ನಡೆಸಿದವರ ಸಮಾಧಾನ. ಆ ವಾದದ ತೀರ್ಪು ಏನೇ ಇರಲಿ, ಈ ತಿಳಿವಳಿಕೆಗೆ ಬೆಲೆ ತೆತ್ತವರು ನಮ್ಮ ಹಳ್ಳಿ ಮತ್ತು ಕೇರಿಗಳ ಹೆಂಗಸರು. ಅದನ್ನು ಬಳಸದೆ ಬಿಡುವುದು ಅವರಿಗೆ ನಾವು ಮಾಡುವ ಎರಡನೆಯ ಅನ್ಯಾಯ.

ಬಳಸಿದ್ದೇವೆಯೇ? ಮೂವತ್ತು ದಾಟಿದವರಿಗೆಲ್ಲ ಐದು ವರ್ಷಕ್ಕೊಮ್ಮೆ ವಿನೆಗರ್ ಪರೀಕ್ಷೆ ನಡೆಯಬೇಕೆಂದು ಕೇಂದ್ರ ಸರ್ಕಾರ 2016ರಲ್ಲಿಯೇ ಮಾರ್ಗಸೂಚಿ ಹೊರಡಿಸಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಒಮ್ಮೆಯಾದರೂ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇರಲಿಲ್ಲ. ಎಳೆಯ ಹುಡುಗಿಯರಿಗೆ ಲಸಿಕೆ ಬಂದಿದೆ. ಅದು ಸಂತೋಷದ ಸಂಗತಿ. ಆದರೆ ಆ ಹುಡುಗಿಯರ ತಾಯಂದಿರ ಕಾಲ ಆಗಲೇ ಮೀರಿದೆ. ಅವರನ್ನು ಉಳಿಸಬಲ್ಲುದು ಪರೀಕ್ಷೆಯೊಂದೇ. ಪಟ್ಟಣದ ಓದುಬರಹ ಬಲ್ಲ ಮನೆಗಳಲ್ಲಿಯೂ ಈ ಮಾತು ಬಂದೊಡನೆ ನಾವು ದನಿ ತಗ್ಗಿಸುತ್ತೇವೆ, ಇಲ್ಲವೆ ವಿಷಯ ಬದಲಿಸುತ್ತೇವೆ.

ನೋವಿಲ್ಲದ ಕಡೆ ಏನು ನೋಡುತ್ತೀರಿ ಎಂಬ ಆ ತಾಯಿಯ ಪ್ರಶ್ನೆಗೆ ಅಂದು ನಾನು ಸರಿಯಾದ ಉತ್ತರ ಕೊಡಲಿಲ್ಲ. ಕೆಲಸದ ಅವಸರದಲ್ಲಿದ್ದೆ. ಈಗ ಯಾರಾದರೂ ಹಾಗೆ ಕೇಳಿದರೆ ಪಕ್ಕದಲ್ಲಿ ಕೂರಿಸಿಕೊಂಡು ಹೇಳುತ್ತೇನೆ: “ನೋವು ಬರೋ ಮುಂಚೆ ನೋಡಿದರೇನೇ ಕಣಮ್ಮ ನಮ್ಮ ಕೈಲಿ ಏನಾದ್ರೂ ಆಗೋದು. ಒಂದು ನಿಮಿಷ ತಡೀರಿ, ಇಲ್ಲೇ ಹೇಳ್ತೀನಿ. ಏನಾದ್ರೂ ಕಂಡರೆ ಇವತ್ತೇ ನೋಡಿ ಕಳಿಸ್ತೀನಿ.” ಈ ಕೊನೆಯ ಮಾತನ್ನು ಪ್ರತಿಯೊಂದು ಆರೋಗ್ಯಕೇಂದ್ರದ ದಾದಿಯೂ ಧೈರ್ಯವಾಗಿ ಹೇಳುವಂತಾದರೆ, ಆ ಪರೀಕ್ಷೆಯನ್ನು ನಾನು ಅಗ್ಗದ ಪರೀಕ್ಷೆಯೆಂದು ಒಪ್ಪುತ್ತೇನೆ.